ಐಪಿಟಿ ಕಲಿಕೆ: ಕೈಪಿಡಿ ಓದಿಯಾಯಿತು, ಸೆಷನ್‌ನಲ್ಲಿ ಒಂದೇ ವಿಷಯ ಹಿಡಿದು ಕೂರುವುದು ಹೇಗೆ?

ಎರಡನೇ ವರ್ಷ:
ಎಲ್ಲರಿಗೂ ನಮಸ್ಕಾರ. ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್ ಎರಡನೇ ವರ್ಷದಲ್ಲಿದ್ದೇನೆ. ಇಲ್ಲಿಯವರೆಗೆ ನಾನು ನೋಡಿದ ಖಿನ್ನತೆಯ ಕೇಸ್‌ಗಳೆಲ್ಲ ಸಿಬಿಟಿಯಲ್ಲೇ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಆಗಿವೆ. ಈಗ ನಮ್ಮ ಗೈಡ್ ಒಂದು ಕೇಸನ್ನು ಇಂಟರ್‌ಪರ್ಸನಲ್ ಸೈಕೋಥೆರಪಿಯಲ್ಲಿ, ಅಂದರೆ ಐಪಿಟಿಯಲ್ಲಿ (ಹತ್ತಿರದವರ ಜೊತೆಗಿನ ಸಂಬಂಧಗಳನ್ನು ಹಿಡಿದು ಮಾಡುವ ಮಾತಿನ ಚಿಕಿತ್ಸೆ) ಮಾಡಲು ಹೇಳಿದ್ದಾರೆ. ಕೈಪಿಡಿ ಓದಿದೆ. ನಾಲ್ಕು ಸಮಸ್ಯಾ ಕ್ಷೇತ್ರಗಳು ಬಾಯಿಪಾಠ ಬರುತ್ತವೆ: ಸಾವಿನ ದುಃಖ, ಹತ್ತಿರದವರ ಜೊತೆ ತಕರಾರು, ಪಾತ್ರ ಬದಲಾವಣೆ (ಬದುಕಿನಲ್ಲಿ ಸ್ಥಾನ, ಹೊಣೆ ಬದಲಾಗುವುದು), ಸಂಬಂಧಗಳೇ ಇಲ್ಲದ ಒಂಟಿತನ. ಓದುವಾಗ ತುಂಬ ಸರಳ ಅನ್ನಿಸಿತು. ರೋಗಿ ಎದುರು ಕೂತ ಮೇಲೆ ಸರಳವಾಗಿಲ್ಲ.

ಕೇಸಿನ ವಿವರಗಳನ್ನು ಬದಲಾಯಿಸಿದ್ದೇನೆ. ಮೂವತ್ತರ ಆಸುಪಾಸಿನ ಹೆಂಗಸು. ಊರಿನಿಂದ ಬೆಂಗಳೂರಿಗೆ ಬಂದವರು. ಮಗು ಆದ ಮೇಲೆ ಕೆಲಸ ಬಿಟ್ಟಿದ್ದಾರೆ. ಮನೆಯಲ್ಲಿ ಅತ್ತೆ ಇದ್ದಾರೆ, ಇಬ್ಬರಿಗೂ ಆಗಿಬರುವುದಿಲ್ಲ. ಗಂಡ ಮಧ್ಯೆ ಬರುವುದಿಲ್ಲ. ಅಪ್ಪ ಹೋದ ವರ್ಷ ತೀರಿಕೊಂಡರು. ಒಬ್ಬರಲ್ಲೇ ಮೂರು ಕ್ಷೇತ್ರಗಳೂ ಇವೆ! ಒಂದು ವಾರ ಅತ್ತೆ ವಿಷಯ, ಇನ್ನೊಂದು ವಾರ ಅಪ್ಪನ ವಿಷಯ. ನಾನು ಕೇಳುತ್ತಾ ಹೋಗುತ್ತೇನೆ, ಗಂಟೆ ಮುಗಿಯುತ್ತದೆ. ಇದು ಐಪಿಟಿಯೋ ಸುಮ್ನೆ ಮಾತುಕತೆಯೋ ಗೊತ್ತಾಗುತ್ತಿಲ್ಲ. ಯಾವ ಎಳೆ ಹಿಡಿಯುವುದು? ಮಾಡಿ ಗೊತ್ತಿರುವವರು ಹೇಳಿ.

ತಾಲ್ಲೂಕು ಡಾಕ್ಟ್ರು:
ನಾನು ಸೈಕಿಯಾಟ್ರಿಸ್ಟ್. ದಿನಕ್ಕೆ ಅರವತ್ತು ಎಪ್ಪತ್ತು ಜನರ ಓಪಿಡಿ, ಪೂರ್ತಿ ಐಪಿಟಿ ಮಾಡುವ ಪುಣ್ಯ ಅಪರೂಪಕ್ಕೆ ಸಿಗುತ್ತದೆ. ಆದರೂ ಒಂದು ಮಾತು. ಮೂರು ಎಳೆಗಳಲ್ಲಿ ಯಾವುದು ಎಂದು ಯೋಚಿಸುವ ಮೊದಲು ಒಂದು ಹಾಳೆ ತೆಗೆದುಕೊಂಡು ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲೆ ಲಕ್ಷಣಗಳು: ನಿದ್ದೆ ಯಾವಾಗ ಕೆಟ್ಟಿತು, ಊಟ ಯಾವಾಗ ಬೇಡವಾಯಿತು, ಅಳು ಯಾವಾಗ ಶುರುವಾಯಿತು. ಗೆರೆಯ ಕೆಳಗೆ ಘಟನೆಗಳು: ಅಪ್ಪನ ಸಾವು, ಹೆರಿಗೆ, ಬಾಣಂತನ ಮುಗಿಸಿ ವಾಪಸ್ ಬಂದದ್ದು, ರಾಜೀನಾಮೆ, ಅತ್ತೆ ಬಂದದ್ದು. ತಾರೀಖು ನೆನಪಿಲ್ಲದಿದ್ದರೆ ಹಬ್ಬಗಳನ್ನು ಹಿಡಿದು ಕೇಳಿ. "ಗೌರಿ ಹಬ್ಬದ ಹೊತ್ತಿಗೆ ನಿದ್ದೆ ಬರ್ತಿತ್ತಾ?" ಎಂದರೆ ಉತ್ತರ ಸಿಗುತ್ತದೆ. "ಯಾವ ತಿಂಗಳು?" ಎಂದರೆ ಸಿಗುವುದಿಲ್ಲ.

ಎಳೆಯನ್ನು ಆ ಹಾಳೆಯೇ ತೋರಿಸುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿದ್ದೀರಾ? ಬಾಣಂತಿಯಾಗಿದ್ದವರು, ಮರೆಯಬೇಡಿ.

ಹಳೇ ಬೆಂಚು:
ಡಾಕ್ಟ್ರು ಹೇಳಿದ್ದು ಸರಿ. ನಾನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಏಕೆಂದರೆ ಐಪಿಟಿ ಹುಟ್ಟಿದ ರೀತಿ ಗೊತ್ತಿದ್ದರೆ ಅದು ಯಾಕೆ ಹೀಗಿದೆ ಎನ್ನುವುದು ಅರ್ಥವಾಗುತ್ತದೆ.

1969ರ ಸುಮಾರಿಗೆ ಅಮೆರಿಕದ ಯೇಲ್‌ನಲ್ಲಿ ಜೆರಾಲ್ಡ್ ಕ್ಲರ್ಮನ್ ಮತ್ತು ಜೊತೆಗಾರರು ಔಷಧಿಯ ಅಧ್ಯಯನವೊಂದನ್ನು ಶುರು ಮಾಡಿದರು. ಅಮಿಟ್ರಿಪ್ಟಿಲಿನ್‌ನಿಂದ ಖಿನ್ನತೆ ಕಡಿಮೆಯಾದವರಿಗೆ ಅದು ಮರುಕಳಿಸದಂತೆ ಮಾತ್ರೆಯನ್ನು ಎಷ್ಟು ಕಾಲ ಕೊಡಬೇಕು ಎನ್ನುವುದು ಅವರ ಪ್ರಶ್ನೆ. ಹೊರಗಿನ ಜಗತ್ತಿನಲ್ಲಿ ರೋಗಿಗಳಿಗೆ ಮಾತಿನ ಚಿಕಿತ್ಸೆಯೂ ಸಿಗುತ್ತದಲ್ಲ, ಹಾಗಾದರೆ ಅಧ್ಯಯನದಲ್ಲೂ ಒಂದು ಗುಂಪಿಗೆ ಅದನ್ನು ಕೊಡೋಣ ಎಂದರು. ಆ ಗುಂಪಿಗಾಗಿ, ಯಾರು ಕೊಟ್ಟರೂ ಒಂದೇ ತರಹ ಇರುವಂತೆ, ಬರೆದಿಟ್ಟುಕೊಂಡದ್ದೇ ಮುಂದೆ ಐಪಿಟಿ ಆಯಿತು. ಆಗಿನ್ನೂ ಅದಕ್ಕೆ ಈ ಹೆಸರಿರಲಿಲ್ಲ. ಮಿರ್ನಾ ವೈಸ್‌ಮನ್ ಆ ತಂಡದಲ್ಲಿದ್ದರು. ಅವರು ಸೋಶಿಯಲ್ ವರ್ಕ್ ಹಿನ್ನೆಲೆಯಿಂದ ಬಂದವರು. ಕೈಪಿಡಿ ಪುಸ್ತಕವಾಗಿ ಬಂದದ್ದು 1984ರಲ್ಲಿ.

ಅಂದರೆ ಇದು ಮನಸ್ಸಿನ ದೊಡ್ಡ ಸಿದ್ಧಾಂತದಿಂದ ಇಳಿದು ಬಂದದ್ದಲ್ಲ. ಒಳ್ಳೆಯ ಚಿಕಿತ್ಸಕರು ಖಿನ್ನತೆಯವರ ಜೊತೆ ಏನು ಮಾಡುತ್ತಾರೆ ಎಂದು ನೋಡಿ, ಅದಕ್ಕೊಂದು ಚೌಕಟ್ಟು ಹಾಕಿದರು. ಸಂಬಂಧಗಳ ಬಗ್ಗೆ ಬರೆದ ಮನೋವೈದ್ಯರಾದ ಸಲ್ಲಿವನ್, ಬೌಲ್ಬಿ ಇವರ ವಿಚಾರಗಳು ಹಿನ್ನೆಲೆಯಲ್ಲಿ ಇವೆ, ಸೆಷನ್‌ನಲ್ಲಿ ಅವರ ಹೆಸರು ಬರುವುದಿಲ್ಲ. ಖಿನ್ನತೆ ಯಾವ ಕಾರಣಕ್ಕೇ ಬಂದಿರಲಿ, ಅದು ಸಂಬಂಧಗಳ ನಡುವೆ ಬರುತ್ತದೆ. ಘಟನೆ ಮನಸ್ಸನ್ನು ಕೆಡಿಸುತ್ತದೆ, ಕೆಟ್ಟ ಮನಸ್ಸು ಸಂಬಂಧವನ್ನು ಕೆಡಿಸುತ್ತದೆ. ಈ ಸುತ್ತನ್ನು ಒಂದು ಕಡೆ ಕಡಿಯುವುದೇ ನಮ್ಮ ಕೆಲಸ. ಎಲ್ಲ ಕಡೆ ಅಲ್ಲ, ಒಂದು ಕಡೆ.

ಈಗ ನಿಮ್ಮ ಪ್ರಶ್ನೆಗೆ. ಮೊದಲ ಮೂರು ಸೆಷನ್‌ಗಳಲ್ಲಿ ಮುಗಿಯಬೇಕಾದ ಕೆಲಸಗಳಿವೆ. ನೀವು ಅವನ್ನು ಮುಗಿಸುವ ಮೊದಲೇ ನಡುವಿನ ಹಂತಕ್ಕೆ ಜಿಗಿಯುತ್ತಿದ್ದೀರಿ ಅನ್ನಿಸುತ್ತದೆ. ಲಕ್ಷಣಗಳನ್ನು ಒಂದೊಂದಾಗಿ ಕೇಳಿ, "ನಿಮಗೆ ಇರುವುದು ಖಿನ್ನತೆ, ಇದೊಂದು ಕಾಯಿಲೆ, ವಾಸಿಯಾಗುತ್ತದೆ" ಎಂದು ಬಾಯಿಬಿಟ್ಟು ಹೇಳಬೇಕು. ನಾವು ಅದನ್ನು ಹೇಳದೆಯೇ ಮುಂದೆ ಹೋಗುತ್ತೇವೆ, ರೋಗಿಗೆ ಬೇಜಾರಾಗಬಹುದು ಎಂದು. ನಿಜಕ್ಕೂ ಅವರಿಗೆ ನಿರಾಳ ಆಗುತ್ತದೆ. ತಾನು ಸೋಮಾರಿ ಅಲ್ಲ, ಕೆಟ್ಟ ತಾಯಿ ಅಲ್ಲ ಎಂದು ಒಬ್ಬರು ಅಧಿಕೃತವಾಗಿ ಹೇಳಿದಂತೆ ಅದು. ಮನೆಯವರಿಗೂ ಹೇಳಿ: ಟೈಫಾಯ್ಡ್ ಬಂದವರಿಗೆ ಎಷ್ಟು ಕೆಲಸ ಹೇಳುತ್ತೀರೋ ಈಗ ಇವರಿಗೂ ಅಷ್ಟೇ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕಾಯಿಲೆಯವರಿಗೆ ರಿಯಾಯಿತಿ ಇದೆ, ಜೊತೆಗೆ ವಾಸಿಯಾಗಲು ಪ್ರಯತ್ನಪಡುವ ಜವಾಬ್ದಾರಿಯೂ ಇದೆ.

ಆಮೇಲೆ ಸಂಬಂಧಗಳ ಪಟ್ಟಿ. ಯಾರು ಯಾರು ಇದ್ದಾರೆ, ಎಷ್ಟು ಸಲ ಮಾತಾಡುತ್ತಾರೆ, ಅವರಿಂದ ಏನು ಬಯಸುತ್ತೀರಿ, ಅವರು ನಿಮ್ಮಿಂದ ಏನು ಬಯಸುತ್ತಾರೆ, ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ, ಏನು ಬದಲಾಗಬೇಕು. ನಮ್ಮ ಕಡೆಯವರಿಗೆ ಈ ಪಟ್ಟಿ ಉದ್ದ ಇರುತ್ತದೆ. ನಾದಿನಿ, ಓರಗಿತ್ತಿ, ಚಿಕ್ಕಮ್ಮ, ಪಕ್ಕದ ಮನೆ ಆಂಟಿ. ಎಲ್ಲರ ಬಗ್ಗೆಯೂ ಸಮವಾಗಿ ಕೇಳಬೇಡಿ, ಸೆಷನ್ ಸಾಕಾಗುವುದಿಲ್ಲ. ಕಷ್ಟ ಬಂದಾಗ ಯಾರಿಗೆ ಫೋನ್ ಮಾಡುತ್ತೀರಿ ಎಂದು ಮಾತ್ರ ತಪ್ಪದೇ ಕೇಳಿ. ಆ ಹೆಸರು ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಫಾರ್ಮ್ಯುಲೇಷನ್, ಅಂದರೆ ಖಿನ್ನತೆ ಯಾವುದಕ್ಕೆ ತಳುಕು ಹಾಕಿಕೊಂಡಿದೆ ಎನ್ನುವ ಸಾರ. ಅದನ್ನು ಫೈಲಿನಲ್ಲಿ ಬರೆದಿಡುವುದಲ್ಲ, ರೋಗಿಗೆ ನಾಲ್ಕೇ ವಾಕ್ಯದಲ್ಲಿ ಹೇಳುವುದು. ಅವರು ಒಪ್ಪಿದರೆ ಅದೇ ಕರಾರು. ಎಷ್ಟು ವಾರ ಎನ್ನುವುದೂ ಆಗಲೇ ತೀರ್ಮಾನ. ಸಾಮಾನ್ಯವಾಗಿ 12ರಿಂದ 16.

ಸಿಬಿಟಿ ಸೀನ:
ಬೇಸರ ಮಾಡಿಕೊಳ್ಳಬೇಡಿ, ಒಂದು ತರ್ಲೆ ಪ್ರಶ್ನೆ. ಅತ್ತೆ-ಸೊಸೆ ಜಗಳ, ಅಪ್ಪ ಸತ್ತ ದುಃಖ, ಇದನ್ನೆಲ್ಲ ನಮ್ಮೂರಿನ ದೊಡ್ಡಮ್ಮನೂ ಕೂತು ಕೇಳುತ್ತಿದ್ದಳು. ನಾಲ್ಕು ಮಾತು ಬುದ್ಧಿ ಹೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಸಿಬಿಟಿಯಲ್ಲಿ ಕನಿಷ್ಠ ಥಾಟ್ ರೆಕಾರ್ಡ್ (ಯೋಚನೆಗಳನ್ನು ಬರೆದು ಪರೀಕ್ಷಿಸುವ ಹಾಳೆ) ಇದೆ, ಹೋಂವರ್ಕ್ ಇದೆ. ಇಲ್ಲಿ ಕೌಶಲ ಎಲ್ಲಿದೆ?

ತಾಲ್ಲೂಕು ಡಾಕ್ಟ್ರು:
ಸೀನ, 1989ರಲ್ಲಿ ಬಂದ, ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಎನ್‌ಐಎಂಎಚ್ ಅಧ್ಯಯನ ಓದಿಲ್ಲವಾ? 250 ರೋಗಿಗಳು, ಮೂರು ಕೇಂದ್ರಗಳು, 16 ವಾರ. ಸಿಬಿಟಿ, ಐಪಿಟಿ, ಇಮಿಪ್ರಮಿನ್ (ಖಿನ್ನತೆಯ ಮಾತ್ರೆ), ಹುಸಿಮಾತ್ರೆ ನಾಲ್ಕನ್ನೂ ಎದುರೆದುರು ಇಟ್ಟು ನೋಡಿದರು. ಖಿನ್ನತೆ ಜೋರಾಗಿದ್ದವರಲ್ಲಿ ಇಮಿಪ್ರಮಿನ್ ಮುಂದಿತ್ತು, ಐಪಿಟಿಯೂ ಹುಸಿಮಾತ್ರೆಗಿಂತ ಮೇಲೆ ಎನ್ನಲು ಸ್ವಲ್ಪ ಆಧಾರ ಸಿಕ್ಕಿತು. ಆ ಗುಂಪಿನಲ್ಲಿ ನಿಮ್ಮ ಪಕ್ಷಕ್ಕೆ ಅಷ್ಟೂ ಸಿಗಲಿಲ್ಲ. ಆಮೇಲಿನ ಅಧ್ಯಯನಗಳಲ್ಲಿ ಸಿಬಿಟಿ ಚೆನ್ನಾಗಿಯೇ ಮಾಡಿದೆ, ಅದು ಬೇರೆ ಮಾತು.

ಹಳೇ ಬೆಂಚು:
ಸೀನನ ಪ್ರಶ್ನೆ ತರ್ಲೆ ಅಲ್ಲ. ಕಲಿಯುವವರಿಗೆ ಅದೇ ನಿಜವಾದ ಪ್ರಶ್ನೆ. ದೊಡ್ಡಮ್ಮ ತೀರ್ಪು ಕೊಡುತ್ತಾಳೆ. ಯಾರದು ಸರಿ, ಯಾರದು ತಪ್ಪು, ಯಾರು ತಗ್ಗಬೇಕು, ಅದೂ ಮುಕ್ಕಾಲು ಪಾಲು ಸೊಸೆಯೇ ತಗ್ಗಬೇಕು. ಐಪಿಟಿ ಪಂಚಾಯ್ತಿ ಕಟ್ಟೆ ಅಲ್ಲ. ನೀವು ರೋಗಿಯ ಪಕ್ಷ, ನಿಜ. ಆದರೆ ಅತ್ತೆಯ ವಿರುದ್ಧ ಅಲ್ಲ. ರೋಗಿ ಏನು ಬಯಸುತ್ತಾರೆ, ಅದನ್ನು ಹೇಗೆ ಹೇಳುತ್ತಿದ್ದಾರೆ, ಎದುರಿನವರಿಗೆ ಅದು ಹೇಗೆ ತಲುಪುತ್ತಿದೆ, ಬೇರೆ ಯಾವ ದಾರಿಗಳಿವೆ ಎನ್ನುವುದಷ್ಟೇ ನಿಮ್ಮ ಕೆಲಸ.

ನಮ್ಮಲ್ಲಿ ತರಬೇತಿಗೆ ಬರುವವರಿಗೆ ಅತಿ ಕಷ್ಟವಾಗುವುದು ಇದೇ. ನಾವೆಲ್ಲ ಬುದ್ಧಿವಾದ ಕೇಳಿಕೊಂಡೇ ಬೆಳೆದವರು. ರೋಗಿಯೂ ಅದನ್ನೇ ಕೇಳುತ್ತಾರೆ: "ನೀವೇ ಹೇಳಿ ಮೇಡಂ, ನಾನು ಏನು ಮಾಡಲಿ?" ಆ ಕ್ಷಣ ಬಾಯಿ ಮುಚ್ಚಿಕೊಂಡು "ಯಾವ ಯಾವ ದಾರಿ ಇದೆ ಅಂತ ಇಬ್ಬರೂ ಸೇರಿ ನೋಡೋಣ" ಎನ್ನುವುದು ಹೇಳಿದಷ್ಟು ಸುಲಭವಲ್ಲ.

ಲೀಡ್ಸ್‌ನಿಂದ:
ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ನಲ್ಲಿ ಕೆಲಸ ಮಾಡುತ್ತೇನೆ, ಮೂಲ ಶಿವಮೊಗ್ಗ. ಇಲ್ಲಿ ಖಿನ್ನತೆಗೆ ಕೊಡುವ ಚಿಕಿತ್ಸೆಗಳಲ್ಲಿ ಐಪಿಟಿಯೂ ಒಂದು. ಕೌಶಲ ಎಲ್ಲಿದೆ ಎಂದು ಕೇಳಿದಿರಲ್ಲ, ಒಂದು ಉದಾಹರಣೆ ಕೊಡುತ್ತೇನೆ. ಇದನ್ನು ಸಂವಹನದ ವಿಶ್ಲೇಷಣೆ ಎನ್ನುತ್ತೇವೆ. ಯಾವ ರೋಗಿಯದ್ದೂ ಅಲ್ಲ, ತರಬೇತಿಗೆ ಕಟ್ಟಿದ ಮಾತು.

ರೋಗಿ: ನಿನ್ನೆ ಗಂಡನ ಜೊತೆ ಮತ್ತೆ ಜಗಳ ಆಯ್ತು. ಅವರಿಗೆ ನನ್ನ ಕಷ್ಟ ಅರ್ಥವೇ ಆಗಲ್ಲ.
ಥೆರಪಿಸ್ಟ್: ಮೊದಲಿಂದ ಹೇಳಿ. ಅವರು ಬಂದಾಗ ಎಷ್ಟು ಗಂಟೆ? ಯಾರು ಮೊದಲು ಮಾತಾಡಿದ್ದು?
ರೋಗಿ: ಒಂಬತ್ತೂವರೆ. "ಯಾಕೆ ಮುಖ ಹೀಗಿದೆ?" ಅಂದ್ರು.
ಥೆರಪಿಸ್ಟ್: ನೀವು ಏನಂದ್ರಿ? ಅದೇ ಮಾತಲ್ಲಿ ಹೇಳಿ.
ರೋಗಿ: "ಏನಿಲ್ಲ ಬಿಡಿ" ಅಂದೆ.
ಥೆರಪಿಸ್ಟ್: ಯಾವ ದನಿಯಲ್ಲಿ?
ರೋಗಿ: (ನಕ್ಕು) ಈಗ ಹೇಳಿದ ಹಾಗಲ್ಲ. ಪಾತ್ರೆ ಕುಕ್ಕಿ ಹೇಳಿದೆ.
ಥೆರಪಿಸ್ಟ್: ಆಗ ಒಳಗೆ ಏನಿತ್ತು?
ರೋಗಿ: ಇಡೀ ದಿನ ಒಬ್ಬಳೇ ಮಗು ನೋಡಿಕೊಂಡಿದ್ದೀನಿ, ಒಂದು ಗಂಟೆ ಎತ್ಕೊಳ್ಳಿ ಅಂತ.
ಥೆರಪಿಸ್ಟ್: ಅದು ಅವರಿಗೆ ತಲುಪಿತು ಅನ್ಸುತ್ತಾ?

ಇಲ್ಲಿ ಥೆರಪಿಸ್ಟ್ ಏನನ್ನೂ ಕಲಿಸಿಲ್ಲ, ಗಮನಿಸಿ. ಜಗಳದ ಸಾರಾಂಶ ತೆಗೆದುಕೊಳ್ಳಲು ಒಪ್ಪಲಿಲ್ಲ, ಅಷ್ಟೇ. ಸಾರಾಂಶದಲ್ಲಿ ಯಾವಾಗಲೂ ಒಬ್ಬರು ಕೆಟ್ಟವರು ಇರುತ್ತಾರೆ. ಒಂದೊಂದೇ ಮಾತಾಗಿ ಬಿಡಿಸಿದರೆ ಎಲ್ಲಿ ತಪ್ಪಿತು ಎಂದು ರೋಗಿಗೇ ಕಾಣುತ್ತದೆ. ಆಮೇಲೆ "ಹಾಗಾದರೆ ಆ ಒಂದು ಗಂಟೆಯನ್ನು ಹೇಗೆ ಕೇಳಬಹುದಿತ್ತು?" ಎಂದು ಅಲ್ಲೇ ಆಡಿ ನೋಡುವುದು. ಮೊದಲು ನೀವು ಗಂಡನ ಪಾತ್ರ ಮಾಡಿ. ಕಷ್ಟವಾದರೆ ಪಾತ್ರ ಅದಲು ಬದಲು ಮಾಡಿ.

ಎರಡನೇ ವರ್ಷ:
ಇದು ತುಂಬ ಉಪಯೋಗ ಆಯಿತು. ಆದರೆ ಪ್ರತಿ ವಾರ ಬೇರೆ ವಿಷಯ ಬಂದರೆ? ಸೆಷನ್ ಶುರು ಮಾಡುವುದು ಹೇಗೆ?

ಲೀಡ್ಸ್‌ನಿಂದ:
ಪ್ರತಿ ಸಲ ಒಂದೇ ಪ್ರಶ್ನೆ: "ಹಿಂದಿನ ಸಲ ಭೇಟಿಯಾದ ಮೇಲೆ ಹೇಗಿತ್ತು?" ರೋಗಿ ಒಂದೋ ಮನಸ್ಸಿನ ಸ್ಥಿತಿ ಹೇಳುತ್ತಾರೆ, ಇಲ್ಲ ಒಂದು ಘಟನೆ ಹೇಳುತ್ತಾರೆ. "ಎರಡು ದಿನ ತುಂಬ ಬೇಜಾರು" ಎಂದರೆ ಆ ಎರಡು ದಿನ ಏನಾಯಿತು ಎಂದು ಕೇಳಿ. "ಅತ್ತೆ ಊರಿಂದ ಬಂದರು" ಎಂದರೆ ಅದಾದ ಮೇಲೆ ಮನಸ್ಸು ಹೇಗಿತ್ತು ಎಂದು ಕೇಳಿ. ಲಕ್ಷಣ ಹೇಳಿದರೆ ಘಟನೆಗೆ, ಘಟನೆ ಹೇಳಿದರೆ ಲಕ್ಷಣಕ್ಕೆ. ಅಲ್ಲಿಂದ ಒಪ್ಪಿಕೊಂಡ ಕ್ಷೇತ್ರಕ್ಕೆ. ಈ ದಾರಿ ರೂಢಿಯಾದರೆ ಗಮನ ತಾನಾಗಿಯೇ ನಿಲ್ಲುತ್ತದೆ.

ವಾರ ವಾರ ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ಹಾಕಿ. ಅಂಕ ಏರಿದ ವಾರ ಏನು ನಡೆದಿತ್ತು ಎಂದು ಇಬ್ಬರೂ ಸೇರಿ ನೋಡಿ. ಒಂಬತ್ತನೇ ಪ್ರಶ್ನೆಯ, ಅಂದರೆ ಸಾಯುವ ಯೋಚನೆಯ ಪ್ರಶ್ನೆಯ, ಉತ್ತರವನ್ನು ರೋಗಿ ರೂಮಿನಲ್ಲಿ ಇರುವಾಗಲೇ ನೋಡಬೇಕು, ಅವರು ಹೋದ ಮೇಲಲ್ಲ.

ಹುಬ್ಬಳ್ಳಿ ಸೋಶಿಯಲ್ ವರ್ಕರ್:
ನೋಡ್ರಿ, ಎಲ್ಲಾ ಚಂದ ಬರೆದಿದ್ದೀರಿ. ನನ್ನದೊಂದು ತಕರಾರು ಇದೆ. "ನೇರವಾಗಿ ಹೇಳಿ" ಎನ್ನುವ ಪಾಠ ಎಲ್ಲರ ಮನೆಯಲ್ಲೂ ನಡೆಯುವುದಿಲ್ಲ. ನಮ್ಮ ಕಡೆ ಸೊಸೆ ಅತ್ತೆಗೆ ಹೇಳಬೇಕಾದ್ದನ್ನು ಮಗುವಿಗೆ ಹೇಳಿದಂತೆ ಹೇಳುತ್ತಾಳೆ. "ನಿನ್ನ ಅಜ್ಜಿಗೆ ಮಧ್ಯಾಹ್ನದ ನಿದ್ದೆ ಕೆಡಬಾರದಲ್ಲ ಪುಟ್ಟ, ಅಳಬೇಡ." ಅತ್ತೆಗೆ ಅದು ಕೇಳಿಸುತ್ತದೆ, ಅರ್ಥವೂ ಆಗುತ್ತದೆ, ಆದರೆ ಎದುರು ಮಾತಾಡಿದಳು ಎಂದು ಯಾರೂ ಹೇಳುವ ಹಾಗಿಲ್ಲ. ಊಟ ಬಿಡುವುದು ಒಂದು ಮಾತು. ತವರಿಗೆ ಹೋಗಿ ಎರಡು ದಿನ ಜಾಸ್ತಿ ಇರುವುದೂ ಒಂದು ಮಾತು. ಪಟ್ಟಣದಲ್ಲಿ ಕಲಿತು ಬಂದ ಥೆರಪಿಸ್ಟ್‌ಗಳು ಇದನ್ನೆಲ್ಲ "ತಪ್ಪು ಸಂವಹನ" ಎಂದು ಬರೆದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಮೊದಲು ಕೇಳಿ. ಮಾಡುತ್ತಿದ್ದರೆ ಮುಟ್ಟಬೇಡಿ. ಮಾಡದಿದ್ದರೆ ಅವಳ ಪರವಾಗಿ ಮಾತಾಡಬಲ್ಲವರು ಯಾರು ಎಂದು ಹುಡುಕಿ. ಸೋದರಮಾವ ಇದ್ದಾರೆ, ದೊಡ್ಡ ನಾದಿನಿ ಇದ್ದಾಳೆ. ಮಧ್ಯದವರ ಮೂಲಕ ಹೇಳಿಸುವುದೂ ಐಪಿಟಿಯೇ.

ಇದು ನನ್ನ ಹೊಸ ಶೋಧ ಅಲ್ಲ. ಉಗಾಂಡಾದ ಮಸಾಕಾ, ರಕಾಯಿ ಜಿಲ್ಲೆಗಳ ಹಳ್ಳಿಗಳಲ್ಲಿ ಗುಂಪು ಐಪಿಟಿ ಮಾಡಿದಾಗಲೂ ಹೀಗೆಯೇ ಅಲ್ಲಿನ ರೀತಿಗೆ ಬಗ್ಗಿಸಿಕೊಂಡರು. ಆ ಅಧ್ಯಯನ 2003ರಲ್ಲಿ ಪ್ರಕಟವಾಯಿತು. 30 ಹಳ್ಳಿಗಳು, ಹೆಂಗಸರ ಗುಂಪು ಬೇರೆ, ಗಂಡಸರ ಗುಂಪು ಬೇರೆ, 16 ವಾರ. ಗುಂಪು ನಡೆಸಿದವರು ಸೈಕಾಲಜಿಸ್ಟ್‌ಗಳಲ್ಲ, ಲುಗಾಂಡಾ ಮಾತಾಡುವ ಸ್ಥಳೀಯರು. ಅವರಿಗೆ ಎರಡು ವಾರ ತರಬೇತಿ. ನಾಲ್ಕನೇ ಕ್ಷೇತ್ರವನ್ನು, ಅಂದರೆ ಒಂಟಿತನವನ್ನು, ಕೈಬಿಟ್ಟೇ ನಡೆಸಿದರು. ಕೊನೆಗೆ ಚಿಕಿತ್ಸೆ ಸಿಕ್ಕ ಹಳ್ಳಿಗಳಲ್ಲಿ ಶೇ. 6.5 ಜನರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು, ಸಿಗದ ಹಳ್ಳಿಗಳಲ್ಲಿ ಶೇ. 54.7.

ಇನ್ನೊಂದು, ಇದು ತಕರಾರಲ್ಲ, ಎಚ್ಚರಿಕೆ. ಹೊಡೆತ ಬಡಿತ ಇದೆಯಾ ಎಂದು ಒಬ್ಬರೇ ಇದ್ದಾಗ ಕೇಳದೆ ತಕರಾರು ಕ್ಷೇತ್ರಕ್ಕೆ ಕೈ ಹಾಕಬೇಡಿ. ಹೊಡೆಯುವ ಗಂಡನ ಮುಂದೆ "ನನಗೆ ಬೇಕಾದ್ದನ್ನು ಸ್ಪಷ್ಟವಾಗಿ ಹೇಳುತ್ತೇನೆ" ಎಂದು ಅಭ್ಯಾಸ ಮಾಡಿಸಿ ಕಳಿಸಿದರೆ ರಾತ್ರಿ ಏನಾಗುತ್ತದೆ ಯೋಚಿಸಿ. ಅಲ್ಲಿ ಮೊದಲು ಸುರಕ್ಷತೆ. ಸಖಿ ಕೇಂದ್ರ, ಸಾಂತ್ವನ ಕೇಂದ್ರ, 181 ಸಹಾಯವಾಣಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣಾಧಿಕಾರಿ, ಇವರೆಲ್ಲರ ನಂಬರ್ ನಿಮ್ಮ ಟೇಬಲ್ ಮೇಲೆ ಇರಲಿ.

ಹಳೇ ಬೆಂಚು:
ಈ ಪೋಸ್ಟನ್ನು ತರಬೇತಿಗೆ ಬರುವ ಎಲ್ಲರಿಗೂ ಓದಿಸಬೇಕು. ಒಂದು ಸೇರಿಸುತ್ತೇನೆ. ತಕರಾರು ಯಾವ ಹಂತದಲ್ಲಿದೆ ಎಂದು ನೋಡಿಕೊಳ್ಳಿ. ಇನ್ನೂ ಜಗ್ಗಾಟ ನಡೆಯುತ್ತಿದೆಯಾ, ಮಾತೇ ನಿಂತುಹೋಗಿದೆಯಾ, ಮುರಿದೇ ಹೋಗಿದೆಯಾ. ಮಾತು ನಿಂತ ಮನೆ ಹೊರಗೆ ಶಾಂತವಾಗಿ ಕಾಣುತ್ತದೆ. ಅಲ್ಲಿ ನೀವು ಕೆಲಸ ಶುರು ಮಾಡಿದರೆ ಮೊದಲು ಗಲಾಟೆ ಜಾಸ್ತಿಯಾಗುತ್ತದೆ. ಇದನ್ನು ರೋಗಿಗೆ ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ "ಆಸ್ಪತ್ರೆಗೆ ಹೋಗಲು ಶುರು ಮಾಡಿದ ಮೇಲೆ ಇವಳು ಕೆಟ್ಟಳು" ಎಂದು ಮನೆಯವರು ಬರುವುದನ್ನೇ ನಿಲ್ಲಿಸುತ್ತಾರೆ.

ಎರಡನೇ ವರ್ಷ:
ವಾಪಸ್ ಬಂದೆ. ಡಾಕ್ಟ್ರು ಹೇಳಿದಂತೆ ಗೆರೆ ಎಳೆದೆವು. ರಕ್ತ ಪರೀಕ್ಷೆಯೂ ಆಯಿತು, ತೊಂದರೆ ಇಲ್ಲ. ಒಬ್ಬರೇ ಇದ್ದಾಗ ಕೇಳಿದೆ, ಹೊಡೆತ ಇಲ್ಲ.

ಹಬ್ಬ ಹಿಡಿದು ಕೇಳಿದ್ದು ನಿಜಕ್ಕೂ ಕೆಲಸ ಮಾಡಿತು. ಅಪ್ಪ ತೀರಿಕೊಂಡಾಗ ಅತ್ತಿದ್ದಾರೆ, ಆದರೆ ನಿದ್ದೆ, ಊಟ, ಕೆಲಸ ಎಲ್ಲ ಸರಿ ಇತ್ತು. ವರ್ಷಾಂತಿಕಕ್ಕೆ ಊರಿಗೂ ಹೋಗಿ ಬಂದಿದ್ದಾರೆ. ನಿದ್ದೆ ಕೆಟ್ಟದ್ದು ರಾಜೀನಾಮೆ ಕೊಟ್ಟ ಮುಂದಿನ ತಿಂಗಳು. ಅತ್ತೆಯ ಜೊತೆ ಜಗಳ ಜೋರಾದದ್ದು ಅದಕ್ಕೂ ಆಮೇಲೆ. ಹಾಗಾದರೆ ಪಾತ್ರ ಬದಲಾವಣೆ ಎಂದುಕೊಂಡೆ. ಆದರೆ ಸೆಷನ್‌ನಲ್ಲಿ ಅಳುವುದು ಅಪ್ಪನ ಮಾತು ಬಂದಾಗ ಮಾತ್ರ. ಮತ್ತೆ ಗೊಂದಲ.

ತಾಲ್ಲೂಕು ಡಾಕ್ಟ್ರು:
ಅಳು ಎಲ್ಲಿದೆಯೋ ಅಲ್ಲಿ ಕೆಲಸ ಇದೆ. ನಾನಾದರೆ ದುಃಖವನ್ನೇ ಹಿಡಿಯುತ್ತಿದ್ದೆ.

ಹಳೇ ಬೆಂಚು:
ನಾನು ಒಪ್ಪುವುದಿಲ್ಲ ಡಾಕ್ಟ್ರೇ. ಅಪ್ಪ ಸತ್ತರೆ ಮಗಳು ಅಳುತ್ತಾಳೆ. ಅದು ಕಾಯಿಲೆ ಅಲ್ಲ. ಐಪಿಟಿಯಲ್ಲಿ ದುಃಖದ ಕ್ಷೇತ್ರ ಹಿಡಿಯುವುದು ಸಾವಿನ ಜೊತೆ ಖಿನ್ನತೆ ಶುರುವಾಗಿ ಅಲ್ಲೇ ಸಿಕ್ಕಿಕೊಂಡಾಗ. ಇಲ್ಲಿ ಗೆರೆ ಬೇರೆಯೇ ಹೇಳುತ್ತಿದೆ.

ಆದರೆ ಒಂದು ಪ್ರಶ್ನೆ ಕೇಳಿ ನೋಡಿ. ಈ ಕೆಲಸ, ಈ ಓದು, ಬೆಂಗಳೂರಿಗೆ ಬಂದದ್ದು, ಇದರಲ್ಲಿ ಅಪ್ಪನ ಪಾತ್ರ ಏನಿತ್ತು? ಊರಲ್ಲಿ ಮಗಳನ್ನು ಓದಿಸಿದ ಅಪ್ಪ ಅಂದರೆ ಕೆಲಸ ಬಿಟ್ಟದ್ದು ಬರೀ ಸಂಬಳ ಬಿಟ್ಟದ್ದಾಗಿರುವುದಿಲ್ಲ.

ಎರಡನೇ ವರ್ಷ:
ಕೇಳಿದೆ. ಅವರ ಕಾಲೇಜು ಫೀಸಿಗೆ ಅಪ್ಪ ಜಮೀನಿನ ಮೇಲೆ ಸಾಲ ತೆಗೆದಿದ್ದರಂತೆ. ಇಡೀ ಗಂಟೆ ಅದೇ ಮಾತಾಯಿತು. "ಈಗ ಮನೆಯಲ್ಲಿ ಕೂತಿದ್ದೀನಿ, ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರೋ" ಎಂದರು. ಕೊನೆಯಲ್ಲಿ ನಾಲ್ಕು ವಾಕ್ಯದಲ್ಲಿ ಹೇಳಲು ಪ್ರಯತ್ನಿಸಿದೆ:

"ನಿಮಗೆ ಇರುವುದು ಖಿನ್ನತೆ. ಅದು ಶುರುವಾದದ್ದು ನೀವು ಕೆಲಸ ಬಿಟ್ಟು ಪೂರ್ತಿ ಮನೆಯಲ್ಲಿ ಇರಲು ಶುರು ಮಾಡಿದಾಗ. ಅಪ್ಪ ಕಷ್ಟಪಟ್ಟು ಓದಿಸಿದ ಕೆಲಸ ಅದು, ಜೊತೆಗೆ ನಿಮಗೆ ಸ್ನೇಹಿತರು, ಮನೆಯಲ್ಲಿ ಒಂದು ಸ್ಥಾನ, ಎಲ್ಲ ಕೊಟ್ಟಿತ್ತು. ಈ ಬದಲಾವಣೆಯನ್ನೇ ಮುಂದಿನ ವಾರಗಳಲ್ಲಿ ನೋಡೋಣ, ಅತ್ತೆ ಜೊತೆಗಿನ ಮಾತೂ ಅದರೊಳಗೆ ಬರುತ್ತದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ ಸಮಸ್ಯೆ ಅಂತ ನಾನೂ ಅಂದ್ಕೊಂಡಿದ್ದೆ" ಎಂದರು.

ಹಳೇ ಬೆಂಚು:
ಇದು ಫಾರ್ಮ್ಯುಲೇಷನ್. ಇನ್ನು ಗೊಂದಲ ಬೇಡ. ಇನ್ನು ಮುಂದೆ ಮಾಡಬೇಕಾದ್ದು: ಹಳೆಯ ಪಾತ್ರದಲ್ಲಿ ಏನು ಚೆನ್ನಾಗಿತ್ತು, ಏನು ಚೆನ್ನಾಗಿರಲಿಲ್ಲ, ಎರಡನ್ನೂ ಕೇಳಿ. ಖಿನ್ನತೆ ಇರುವಾಗ ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಮಣ್ಣು ಎಂದು ಕಾಣುತ್ತದೆ. ಕೆಲಸದಲ್ಲೂ ಬೈಗುಳ ಇತ್ತು, ಎರಡು ತಾಸಿನ ಬಸ್ ಪ್ರಯಾಣ ಇತ್ತು, ಅದೂ ಬರಲಿ. ಹಳೆಯದಕ್ಕೆ ಅಳಲು ಬಿಡಿ. ಹೊಸದರಲ್ಲಿ ಏನು ಸಾಧ್ಯ, ಯಾರ ಸಹಾಯ ಬೇಕು, ಅದನ್ನು ಯಾರ ಹತ್ತಿರ ಹೇಗೆ ಕೇಳುವುದು ಎಂದು ನೋಡಿ. ಮತ್ತೆ ಕೆಲಸಕ್ಕೆ ಸೇರಿ ಎಂದು ನೀವು ಹೇಳಬೇಡಿ. ಬೇಡ ಎಂದೂ ಹೇಳಬೇಡಿ.

ತಾಲ್ಲೂಕು ಡಾಕ್ಟ್ರು:
ಸೋಲೊಪ್ಪಿದೆ ಎಂದು ಬರೆಯುವುದಿಲ್ಲ, ಅಪ್ಪ ಕೊನೆಗೂ ಬಂದರಲ್ಲ! 😄

ಸುಮ್ನೆ ಓದುಗ:
ನಾನು ಈ ಕ್ಷೇತ್ರದವನಲ್ಲ. ಈ ಚಿಕಿತ್ಸೆ ತೆಗೆದುಕೊಂಡವನು. ಒಂದು ಮಾತು ಹೇಳಬಹುದಾ? ನನಗೆ ಹೆಚ್ಚು ಉಪಯೋಗವಾದದ್ದು ಮೊದಲ ದಿನವೇ "ಇದು ಇಷ್ಟು ವಾರ, ಇಂಥ ತಿಂಗಳು ಮುಗಿಯುತ್ತದೆ" ಎಂದು ಹೇಳಿದ್ದು. ಮುಗಿಯುತ್ತದೆ ಎಂದು ಗೊತ್ತಿದ್ದುದರಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದ ಮಾತನ್ನು ಅಣ್ಣನ ಹತ್ತಿರ ಆಡಿಬಿಟ್ಟೆ. ಕೊನೆಯ ವಾರಗಳಲ್ಲಿ ಮಾತ್ರ ಸಿಟ್ಟು ಬಂತು, ಇಷ್ಟು ಬೇಗ ಯಾಕೆ ಎಂದು.

ಲೀಡ್ಸ್‌ನಿಂದ:
ತುಂಬ ಧನ್ಯವಾದ. ಆ ಸಿಟ್ಟಿಗೇ ಕೊನೆಯ ಎರಡು ಮೂರು ಸೆಷನ್‌ಗಳನ್ನು ಮೀಸಲಿಡುವುದು. ಹೊಸಬರು ಅಲ್ಲಿ ಮೆತ್ತಗಾಗಿ "ಇನ್ನೂ ನಾಲ್ಕು ಸಲ ಬನ್ನಿ" ಎಂದುಬಿಡುತ್ತಾರೆ. ಅದು ದಯೆಯಂತೆ ಕಾಣುತ್ತದೆ. ರೋಗಿಗೆ ತಲುಪುವುದು "ನಿಮ್ಮ ಕೈಲಾಗುವುದಿಲ್ಲ" ಎಂದು. ಮುಗಿಯುವ ಬೇಸರ ಬೇರೆ, ಖಿನ್ನತೆ ವಾಪಸ್ ಬರುವುದು ಬೇರೆ. ಆ ವ್ಯತ್ಯಾಸವನ್ನು ರೋಗಿಯ ಜೊತೆ ಮಾತಾಡಿ. ಮತ್ತೆ ಬಂದರೆ ಮೊದಲು ಕಾಣುವ ಲಕ್ಷಣ ಯಾವುದು, ಆಗ ಯಾರಿಗೆ ಹೇಳುತ್ತೀರಿ ಎಂದು ಬರೆಸಿ ಕಳಿಸಿ. ಹಲವು ಸಲ ಖಿನ್ನತೆ ಬಂದು ಹೋದವರಿಗೆ ತಿಂಗಳಿಗೊಂದು ಸೆಷನ್ ಇಟ್ಟುಕೊಳ್ಳುವುದು ಬೇರೆ ವಿಷಯ, ಅದಕ್ಕೆ ಹೊಸ ಕರಾರು ಬೇಕು. ಗುಣ ಕಾಣದಿದ್ದರೆ ಚಿಕಿತ್ಸೆ ಕೆಲಸ ಮಾಡಲಿಲ್ಲ ಎನ್ನಿ, ರೋಗಿ ಸೋತರು ಎಂದಲ್ಲ. ಔಷಧಿ ಇದೆ, ಸೀನನ ಸಿಬಿಟಿಯೂ ಇದೆ.

ಸಿಬಿಟಿ ಸೀನ:
ಬಾಗಿಲು ತೆಗೆದೇ ಇದೆ 🙏 ಗಂಭೀರವಾಗಿ ಕೇಳುತ್ತೇನೆ: ಯಾವ ಕೇಸಿಗೆ ಐಪಿಟಿ ಬೇಡ?

ತಾಲ್ಲೂಕು ಡಾಕ್ಟ್ರು:
ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳಿಸುವ, ನಂಬುವ ಸ್ಥಿತಿ) ಇರುವ ಖಿನ್ನತೆಗೆ ಇದೊಂದೇ ಸಾಲದು, ಔಷಧಿ ಬೇಕೇ ಬೇಕು. ಕುಡಿತ, ಡ್ರಗ್ಸ್ ಚಟದ ಚಿಕಿತ್ಸೆಯಾಗಿ ಪ್ರಯತ್ನಿಸಿದ್ದಾರೆ, ಅಲ್ಲಿ ಇದು ಗೆದ್ದಿಲ್ಲ. ಬೈಪೋಲಾರ್‌ಗೆ ನಿದ್ದೆ-ದಿನಚರಿಯನ್ನು ಸೇರಿಸಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ಫ್ರ್ಯಾಂಕ್ ಬೇರೆಯೇ ರೂಪ ಮಾಡಿದ್ದಾರೆ, ಅದೂ ಔಷಧಿಯ ಜೊತೆಗೆ. ಹೆರಿಗೆ ನಂತರದ ಖಿನ್ನತೆಗೆ ಚೆನ್ನಾಗಿ ಹೊಂದುತ್ತದೆ, ಹಾಲೂಡಿಸುವ ತಾಯಂದಿರು ಮಾತ್ರೆಗೆ ಹಿಂಜರಿಯುತ್ತಾರಲ್ಲ.

ಎರಡನೇ ವರ್ಷ:
ಕೊನೆಯ ಪ್ರಶ್ನೆ. ತರಬೇತಿ ಎಲ್ಲಿ, ಹೇಗೆ? ಎರಡು ದಿನದ ಆನ್‌ಲೈನ್ ವರ್ಕ್‌ಶಾಪ್ ಜಾಹೀರಾತುಗಳು ಬರುತ್ತಿರುತ್ತವೆ. ಸರ್ಟಿಫಿಕೇಟ್ ಸಿಗುತ್ತದಂತೆ.

ಹಳೇ ಬೆಂಚು:
ವರ್ಕ್‌ಶಾಪ್ ಮಾಡಿ, ತಪ್ಪಿಲ್ಲ. ಆದರೆ ಅದು ಓದಿದ್ದಕ್ಕೆ ಒಂದು ಹೆಜ್ಜೆ ಮೇಲೆ, ಅಷ್ಟೇ. ಐಪಿಟಿ ಕಲಿಯುವುದು ಸೂಪರ್‌ವಿಷನ್‌ನಲ್ಲಿ. ಕೆಲವು ಕೇಸ್‌ಗಳನ್ನು ಮೊದಲಿಂದ ಕೊನೆಯವರೆಗೆ ಮಾಡಿ, ಸೆಷನ್ ರೆಕಾರ್ಡ್ ಮಾಡಿ, ಬಲ್ಲವರ ಜೊತೆ ಕೂತು ಕೇಳಬೇಕು. ನೆನಪಿನಿಂದ ಹೇಳುವ ಕೇಸಿನಲ್ಲಿ ನಾವೆಲ್ಲ ಒಳ್ಳೆಯ ಥೆರಪಿಸ್ಟ್‌ಗಳೇ. ರೆಕಾರ್ಡಿಂಗ್‌ನಲ್ಲಿ ನಾವು ಎಷ್ಟು ಮಾತಾಡಿದ್ದೇವೆ, ರೋಗಿ ಅಳು ನುಂಗಿದಾಗ ಎಷ್ಟು ಬೇಗ ವಿಷಯ ಬದಲಿಸಿದ್ದೇವೆ ಎಂದು ಕೇಳಿಸುತ್ತದೆ. ಹತ್ತಿರ ಐಪಿಟಿ ಬಲ್ಲವರು ಇಲ್ಲದಿದ್ದರೆ ಇಬ್ಬರು ಮೂವರು ಸೇರಿ ದೂರದ ಸೂಪರ್‌ವೈಸರ್ ಒಬ್ಬರನ್ನು ಹುಡುಕಿ, ಖರ್ಚು ಹಂಚಿಕೊಳ್ಳಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು. ಯಾವ ವರ್ಕ್‌ಶಾಪ್ ಸರ್ಟಿಫಿಕೇಟೂ ಅದರ ಬದಲಿಗೆ ಆಗುವುದಿಲ್ಲ.

ಹುಬ್ಬಳ್ಳಿ ಸೋಶಿಯಲ್ ವರ್ಕರ್:
ವಿಶ್ವ ಆರೋಗ್ಯ ಸಂಸ್ಥೆ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ 2016ರಲ್ಲಿ ಗುಂಪು ಐಪಿಟಿ ಕೈಪಿಡಿ ತಂದಿದೆ. 8 ಸೆಷನ್‌ಗಳದ್ದು, ಉಚಿತವಾಗಿ ಇಳಿಸಿಕೊಳ್ಳಬಹುದು. ಭಾಷೆ ಸರಳ ಇದೆ. ಒಬ್ಬೊಬ್ಬರ ಚಿಕಿತ್ಸೆ ಮಾಡುವವರೂ ಓದಬೇಕು. ನಮ್ಮ ಪಕ್ಕದ ಗೋವಾದಲ್ಲೇ ಸಾಮಾನ್ಯ ಆರೋಗ್ಯ ಸಲಹೆಗಾರರಿಗೆ ಐಪಿಟಿ ಕಲಿಸಿ ಕ್ಲಿನಿಕ್‌ಗಳಲ್ಲಿ ಕೊಡಿಸಿದ್ದಾರೆ. ಮಾನಸ್ ಎನ್ನುವ ಆ ಅಧ್ಯಯನ ಲ್ಯಾನ್ಸೆಟ್‌ನಲ್ಲಿ 2010ರಲ್ಲಿ ಬಂತು. 24 ಆರೋಗ್ಯ ಕೇಂದ್ರಗಳು. ಮಾಹಿತಿ, ಮಾತ್ರೆ, ಐಪಿಟಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಸರ್ಕಾರಿ ಕೇಂದ್ರಗಳಲ್ಲಿ ಫಲ ಕಂಡಿತು, ಖಾಸಗಿಯಲ್ಲಿ ಅಷ್ಟು ವ್ಯತ್ಯಾಸ ಬರಲಿಲ್ಲ. ಆದರೆ ವಾರ ವಾರ ಬರುವುದು ಅಂದರೆ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಹೋಗುತ್ತದೆ. ನನ್ನ ರೋಗಿಗಳಲ್ಲಿ ಅರ್ಧಕ್ಕೆ ಬಿಡುವವರು ಬಿಡುವುದು ಇದಕ್ಕೇ, ಚಿಕಿತ್ಸೆ ಹಿಡಿಸದೆ ಅಲ್ಲ. ಕರಾರು ಮಾಡುವಾಗ ಸಂತೆ ದಿನ, ಸುಗ್ಗಿ, ಜಾತ್ರೆ ಕೇಳಿಕೊಂಡು ವಾರಗಳನ್ನು ಗೊತ್ತು ಮಾಡಿ.

ಎರಡನೇ ವರ್ಷ:
ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ವಾರ ಗಂಡನನ್ನೂ ಒಂದು ಸೆಷನ್‌ಗೆ ಕರೆಯೋಣ ಎಂದು ಅವರೇ ಹೇಳಿದ್ದಾರೆ. ರೆಕಾರ್ಡಿಂಗ್‌ಗೆ ಅವರು ಒಪ್ಪಿದ್ದಾರೆ. ಗಂಡನ ಒಪ್ಪಿಗೆ ಬೇರೆ ಬೇಕಾ?

ಹಳೇ ಬೆಂಚು:
ಬೇಕು. ಇಬ್ಬರದ್ದೂ ಬರಹದಲ್ಲಿ, ಕನ್ನಡದ ಫಾರ್ಮ್‌ನಲ್ಲಿ, ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೀರಿ ಎಂದು ಬರೆದಿರಬೇಕು. ಗಂಡ ಬೇಡ ಎಂದರೆ ಆ ಒಂದು ಸೆಷನ್ ರೆಕಾರ್ಡ್ ಮಾಡಬೇಡಿ. ನಿಮ್ಮ ಮೊಬೈಲ್‌ನಲ್ಲಂತೂ ಯಾವ ಕಾರಣಕ್ಕೂ ಬೇಡ, ಡಿಪಾರ್ಟ್‌ಮೆಂಟ್ ರೆಕಾರ್ಡರ್ ತೆಗೆದುಕೊಳ್ಳಿ. ಹೆಂಡತಿ ನಿಮ್ಮ ಹತ್ತಿರ ಒಬ್ಬರೇ ಹೇಳಿದ್ದರಲ್ಲಿ ಗಂಡನ ಮುಂದೆ ಏನು ಬರಬಹುದು, ಏನು ಬರಬಾರದು ಎಂದು ಅವರ ಹತ್ತಿರ ಮುಂಚೆಯೇ ಕೇಳಿಕೊಂಡು ಬರೆದಿಟ್ಟುಕೊಳ್ಳಿ. ಜಮೀನಿನ ಸಾಲದ ವಿಷಯ ಗಂಡನಿಗೆ ಗೊತ್ತಿದೆಯೋ ಇಲ್ಲವೋ, ಅದನ್ನು ಮೊದಲು ಕೇಳಿ.